ಸಂಬಳದ ಮಾತೆತ್ತದ ಸಂಘಗಳು

ಜುಲೈ ಬಂತೆಂದರೆ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಪತ್ರಿಕಾ ದಿನಾಚರಣೆಯ ಸುಗ್ಗಿ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಹೊರತಂದ ದಿನದ ನೆನಪು ಅದು. ದಿನ ಒಂದೇ, ಆದರೆ ಶಾಸಕರು ಒಂದೇ ದಿನ ಎಲ್ಲ ಊರಿಗೂ ಬರಲಾಗುವುದಿಲ್ಲ, ಹಾಗಾಗಿ ತಾಲ್ಲೂಕಿಗೊಂದು ತಾರೀಖಿನಂತೆ ಆಚರಣೆ ತಿಂಗಳಿಡೀ ನಡೆಯುತ್ತದೆ. ಮೊದಲು ಸ್ವಾಗತ ಗೀತೆ, ಆಮೇಲೆ ಸಸಿಗೆ ನೀರು, ಆಮೇಲೆ ‘ಪ್ರಜಾಪ್ರಭುತ್ವದ ನಾಲ್ಕನೇ ಅಂಗ’ ಎಂಬ ಮಾತು ಕಡಿಮೆಯೆಂದರೂ ನಾಲ್ಕು ಸಲ. ಹಿರಿಯರಿಗೆ ಶಾಲು, ಹಣ್ಣಿನ ಬುಟ್ಟಿ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದ ಪತ್ರಕರ್ತರ ಮಕ್ಕಳಿಗೆ ಪ್ರತಿಭಾ ಪುರಸ್ಕಾರ. ಕೊನೆಗೆ ಮನವಿ ಪತ್ರ: ಪತ್ರಿಕಾ ಭವನಕ್ಕೆ ಜಾಗ ಕೊಡಿ, ನಿವೇಶನ ಕೊಡಿ, ಆರೋಗ್ಯ ವಿಮೆ ಕೊಡಿ, ಬಸ್ ಪಾಸ್ ಕೊಡಿ, ಮಾಸಾಶನ ಹೆಚ್ಚಿಸಿ.

ಸಂಶೋಧನೆಯ ನೆಪದಲ್ಲಿ ಮೂರು ವರ್ಷಗಳಿಂದ ಇಂಥ ಸಭೆಗಳ ಹಿಂದಿನ ಸಾಲಿನಲ್ಲಿ ಕೂತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದೇನೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಹೀಗೆ ಬಸ್ಸು ಸಿಕ್ಕ ಕಡೆಗೆಲ್ಲ ಹೋಗಿದ್ದೇನೆ. ನನ್ನ ಕಣ್ಣಿಗೆ ಬಿದ್ದ ಮನವಿ ಪತ್ರಗಳೆಲ್ಲ ಮುಖ್ಯಮಂತ್ರಿಗೆ, ಉಸ್ತುವಾರಿ ಸಚಿವರಿಗೆ, ಜಿಲ್ಲಾಧಿಕಾರಿಗೆ, ವಾರ್ತಾ ಇಲಾಖೆಗೆ ಬರೆದವು. ಪತ್ರಿಕೆಯ ಮಾಲೀಕರ ಹೆಸರಿಗೆ ಬರೆದ ಒಂದೇ ಒಂದು ಮನವಿ ಪತ್ರವನ್ನು ನಾನು ನೋಡಿಲ್ಲ.

ನನ್ನ ತಕರಾರು ಇಷ್ಟೇ. ದುಡಿಯುವವರ ಸಂಘವೊಂದು ದುಡಿಸಿಕೊಳ್ಳುವವರ ಕಡೆ ಮುಖ ಮಾಡಿ ಒಂದು ಮಾತೂ ಆಡದಿದ್ದರೆ ಅದನ್ನು ಸಂಘವೆಂದು ಯಾಕೆ ಕರೆಯಬೇಕು? ಉತ್ಸವ ಸಮಿತಿ ಎನ್ನಬಹುದು. ಕೆಟ್ಟ ಪದವೇನಲ್ಲ. ಬನಶಂಕರಿ ಜಾತ್ರೆಗೂ ಒಂದು ಸಮಿತಿ ಬೇಕಲ್ಲ.

ಊರ ವರದಿಗಾರರ ಬದುಕು ಹೇಗೆ ನಡೆಯುತ್ತದೆ ಎಂಬುದು ಬೆಂಗಳೂರಿನಲ್ಲಿ ಕೂತು ಮಾಧ್ಯಮ ವಿಮರ್ಶೆ ಓದುವವರಿಗೆ ಗೊತ್ತಿರಲಿಕ್ಕಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಳಕಲ್ಲಿನಲ್ಲೋ ಹುನಗುಂದದಲ್ಲೋ ಒಬ್ಬ ವರದಿಗಾರ ಎಂದರೆ ಬಹುಪಾಲು ಒಬ್ಬನೇ ಮನುಷ್ಯನೊಳಗೆ ಮೂವರು. ನಸುಕಿನಲ್ಲಿ ಬಂಡಲ್ ಇಳಿಸಿಕೊಳ್ಳುವ ಏಜೆಂಟ್ ಅವನೇ. ಮಧ್ಯಾಹ್ನ ತಹಸೀಲ್ದಾರ್ ಕಚೇರಿ, ಎಪಿಎಂಸಿ, ಠಾಣೆ ಸುತ್ತಿ ಸುದ್ದಿ ಮಾಡುವವನೂ ಅವನೇ. ಸಂಜೆ ಅಂಗಡಿ ಅಂಗಡಿ ಹತ್ತಿ ಜಾಹೀರಾತು ಕೇಳುವವನೂ ಅವನೇ. ಕಾಗದದ ಮೇಲೆ ಅವನು ‘ಅರೆಕಾಲಿಕ ಸುದ್ದಿಗಾರ’. ಎಷ್ಟೋ ಸಲ ಆ ಕಾಗದವೂ ಇರುವುದಿಲ್ಲ, ಗುರುತಿನ ಚೀಟಿ ಮಾತ್ರ. ಕೊಡುವುದು ಗೌರವಧನ. ಆ ಪದವನ್ನೇ ನೋಡಿ: ಗೌರವ ಮುಂದೆ, ಧನ ಹಿಂದೆ. ಉಳಿದದ್ದು ಜಾಹೀರಾತಿನ ಕಮಿಷನ್. ಆಗಸ್ಟ್ 15, ದೀಪಾವಳಿ, ಯುಗಾದಿ, ಪತ್ರಿಕೆಯ ವಾರ್ಷಿಕೋತ್ಸವದ ಪುರವಣಿ, ಊರ ಮುಖಂಡರ ಹುಟ್ಟುಹಬ್ಬ, ಒಂದೊಂದಕ್ಕೂ ಒಂದೊಂದು ಟಾರ್ಗೆಟ್. ತಲುಪಲಿಲ್ಲವೆಂದರೆ ಮೇಲಿನಿಂದ ಫೋನು.

ಇಳಕಲ್ಲಿನಲ್ಲಿ ನಾನು ‘ಕಾಕಾ’ ಎಂದು ಕರೆಯುವ ಹಿರಿಯ ವರದಿಗಾರರೊಬ್ಬರಿದ್ದಾರೆ. ಮನೆ ನಡೆಯುವುದು ಅವರ ಹೆಂಡತಿಯ ಹೊಲಿಗೆ ಯಂತ್ರದಿಂದ. ಅವರಿಗೆ ನಾನು ಮೊದಲ ಸಲ ಸಂಬಳದ ಬಗ್ಗೆ ಕೇಳಿದಾಗ ನಕ್ಕರು. “ಸಂಬಳಾ? ನೋಡ್ ತಂಗೀ, ನಮಗ ಕಾರ್ಡೇ ಸಂಬಳ. ಈ ಕಾರ್ಡ್ ಇಟ್ಕೊಂಡ್ ನೀ ಎಷ್ಟ್ ಗಳಸ್ತಿ ಅನ್ನೂದು ನಿನ್ನ ಹುಷಾರಿಗೆ ಬಿಟ್ಟದ್ದು. ನಾ ಹುಷಾರಿಲ್ಲ, ಹಿಂಗ ಅದೀನಿ” ಅಂದರು.

ಆ ಮಾತನ್ನು ನಾನು ಎಷ್ಟೋ ದಿನ ತಲೆಯಲ್ಲಿ ತಿರುವಿ ಹಾಕಿದ್ದೇನೆ. ಸಂಸ್ಥೆಯೊಂದು ತನ್ನ ವರದಿಗಾರನಿಗೆ ದುಡ್ಡು ಕೊಡದೆ ಕಾರ್ಡ್ ಕೊಟ್ಟು ಊರಿಗೆ ಬಿಡುವುದೆಂದರೆ ಏನು? ‘ನಿನ್ನ ಸಂಬಳವನ್ನು ಊರವರಿಂದ ವಸೂಲಿ ಮಾಡಿಕೋ’ ಎಂದೇ ಅರ್ಥ. ಹಿಂದೆ ಸಂಸ್ಥಾನಗಳ ಕಾಲದಲ್ಲಿ ಕೆಳಗಿನ ನೌಕರನಿಗೆ ಸಂಬಳದ ಬದಲು ಹಕ್ಕು ಕೊಡುತ್ತಿದ್ದರಲ್ಲ, ಅದೇ ಪದ್ಧತಿ. ಜಾಹೀರಾತು ಕೊಡುವ ಕ್ವಾರಿ ಮಾಲೀಕನ ಬಗ್ಗೆ ಬೆಳಿಗ್ಗೆ ಏನು ಬರೆಯಬೇಕು ಎಂಬುದನ್ನು ಸಂಜೆಯ ಟಾರ್ಗೆಟ್ ತೀರ್ಮಾನಿಸುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟು ದೇಶವಿದೇಶದ ಕಟ್ಟಡಗಳ ನೆಲಕ್ಕೆ ಹೋಗಿದೆ. ಆ ಕಲ್ಲು ಒಡೆಯುವವರ ಶ್ವಾಸಕೋಶದ ಸುದ್ದಿ ಜಿಲ್ಲಾ ಪುಟ ದಾಟುವುದು ಎಷ್ಟು ಸಲ? ಒಂದು ಇಳಕಲ್ ಸೀರೆಗೆ ನೇಕಾರನಿಗೆ ಎಷ್ಟು ಕೂಲಿ, ಅದೇ ಸೀರೆಗೆ ಆನ್‌ಲೈನಿನಲ್ಲಿ ಎಷ್ಟು ಬೆಲೆ ಎಂಬ ಸರಳ ಲೆಕ್ಕದ ವರದಿ ಬರೆಯಲು ದೊಡ್ಡ ವಿದ್ಯೆ ಬೇಕಿಲ್ಲ. ಮೂರು ದಿನ ಬೇರೆ ಕೆಲಸ ಬಿಟ್ಟು ಕೂರುವ ಅನುಕೂಲ ಬೇಕು. ಅಂಥ ಮೂರು ದಿನದ ಕೂಲಿ ಯಾರು ಕೊಡುತ್ತಾರೆ? 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ನುಗ್ಗಿದಾಗ ಮೊದಲ ಚಿತ್ರ, ಮೊದಲ ಸುದ್ದಿ ಕಳಿಸಿದವರು ಸ್ವಂತ ಬೈಕಿಗೆ ಸ್ವಂತ ದುಡ್ಡಿನ ಪೆಟ್ರೋಲ್ ಹಾಕಿಸಿಕೊಂಡು ಹೋದ ಇಂಥವರೇ.

ಆದ್ದರಿಂದ ವರದಿಗಾರನ ಸಂಬಳ ಅವನ ಮನೆಯ ವಿಷಯ ಅಷ್ಟೇ ಅಲ್ಲ. ಓದುಗರಾದ ನಮ್ಮ ವಿಷಯ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಮಾಧ್ಯಮದ ‘ಭಾಷೆ’, ‘ನಿರೂಪಣೆ’, ‘ಪ್ರಾತಿನಿಧ್ಯ’ ಎಂದು ಸೆಮಿನಾರುಗಳಲ್ಲಿ ಹೊತ್ತು ಕಳೆಯುತ್ತೇವೆ. ಆ ವಾಕ್ಯ ಬರೆದವನಿಗೆ ಕಾಲಮ್ಮಿಗೆ ಎಷ್ಟು ಕೊಟ್ಟರು ಎಂದು ಕೇಳಿದರೆ ಗೋಷ್ಠಿಯ ಅಧ್ಯಕ್ಷರು ಗಡಿಯಾರ ನೋಡುತ್ತಾರೆ.

ಈ ಊರಿಗೆ ಈ ಪ್ರಶ್ನೆ ಹೊಸದಲ್ಲ ಎಂಬುದೇ ನನ್ನನ್ನು ಹೆಚ್ಚು ಕೆರಳಿಸುವ ಸಂಗತಿ. 1928ರಲ್ಲಿ ಕರ್ನಾಟಕದ ಪತ್ರಕರ್ತರು ಸಮ್ಮೇಳನ ಸೇರಿದ್ದು ಇದೇ ಬಾಗಲಕೋಟೆಯಲ್ಲಿ. ಅಧ್ಯಕ್ಷತೆ ವಹಿಸಿದವರು ಡಿ.ವಿ.ಜಿ. ಆಗ ಬಾಗಲಕೋಟೆ ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆಯ ಊರು, ಡಿ.ವಿ.ಜಿ. ಮೈಸೂರು ಸಂಸ್ಥಾನದವರು. ಏಕೀಕರಣಕ್ಕೆ ಇನ್ನೂ 28 ವರ್ಷ ಇರುವಾಗಲೇ ಹರಿದು ಹಂಚಿಹೋದ ನಾಡಿನ ಬರೆಯುವ ಜನ ಒಂದೆಡೆ ಕೂತರು. ಬಾಗಲಕೋಟೆಯಲ್ಲೇ ಹುಟ್ಟಿದ ಮುದವೀಡು ಕೃಷ್ಣರಾಯರು ‘ಕರ್ನಾಟಕ ವೃತ್ತ’ದ ಮೂಲಕ ಬ್ರಿಟಿಷರ ಕಣ್ಣಿಗೆ ಮುಳ್ಳಾಗಿದ್ದ ಕಾಲ ಅದು. ನಾಲ್ಕು ವರ್ಷದ ನಂತರ, 1932ರಲ್ಲಿ, ಡಿ.ವಿ.ಜಿ. ಕಟ್ಟಿದ ಸಂಘವನ್ನೇ ಇಂದಿನ ಕರ್ನಾಟಕ ಕಾರ್ಯನಿರತ ಪತ್ರಕರ್ತರ ಸಂಘ ತನ್ನ ಮೂಲವೆಂದು ಹೇಳಿಕೊಳ್ಳುತ್ತದೆ. ಅಂದರೆ ಸಂಘದ ಹೊಟ್ಟೆಪಾಡಿನ ಪ್ರಶ್ನೆಗೂ ಆದರ್ಶದ ಪ್ರಶ್ನೆಗೂ ನಮ್ಮ ನವನಗರದಿಂದ ಕೂಗಳತೆ ದೂರದಲ್ಲೇ ಬೇರಿದೆ. ಆದರೆ ನಾನು ಕೂತ ಯಾವ ದಿನಾಚರಣೆಯಲ್ಲೂ 1928ರ ಹೆಸರು ಬರಲಿಲ್ಲ. ಮಂಗಳೂರಿನ ಮೋಗ್ಲಿಂಗ್ ಬರುತ್ತಾರೆ, ಬಾಗಲಕೋಟೆಯ ಬಾಗಲಕೋಟೆ ಬರುವುದಿಲ್ಲ.

‘ಕಾರ್ಯನಿರತ’ ಎಂಬ ಪದವನ್ನು ತುಸು ಬಿಡಿಸಿ ನೋಡೋಣ. ಅದು ಅಲಂಕಾರದ ಪದವಲ್ಲ, ಕಾನೂನಿನ ಪದ. ಮೊದಲ ಪತ್ರಿಕಾ ಆಯೋಗ 1954ರಲ್ಲಿ ವರದಿ ಕೊಟ್ಟ ಮೇಲೆ 1955ರಲ್ಲಿ ಕಾರ್ಯನಿರತ ಪತ್ರಕರ್ತರ ಕಾಯ್ದೆ ಬಂತು. ಪತ್ರಿಕೋದ್ಯಮವೇ ಮುಖ್ಯ ವೃತ್ತಿಯಾಗಿದ್ದು ಪತ್ರಿಕಾ ಸಂಸ್ಥೆಯಲ್ಲಿ ನೇಮಕಗೊಂಡವರು ಕಾರ್ಯನಿರತ ಪತ್ರಕರ್ತರು, ಪೂರ್ಣಕಾಲಿಕರಾಗಲಿ ಅರೆಕಾಲಿಕರಾಗಲಿ. ನಾಲ್ಕು ವಾರಕ್ಕೆ 144 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಗ್ರಾಚ್ಯುಟಿ ಕೊಡಬೇಕು, ಕಾಲಕಾಲಕ್ಕೆ ವೇತನ ಮಂಡಳಿ ಕೂತು ಸಂಬಳ ನಿಗದಿ ಮಾಡಬೇಕು. ದೇಶದಲ್ಲಿ ಬೇರೆ ಯಾವ ಬರಹಗಾರ ವರ್ಗಕ್ಕೂ ಇಂಥದೊಂದು ಕಾನೂನಿನ ಆಸರೆ ಇರಲಿಲ್ಲ. ಆಗಲೇ ನೋಡಿ ತಮಾಷೆ: ಮಾಲೀಕರು ಸುಮ್ಮನೆ ಕೂರಲಿಲ್ಲ. ಎಕ್ಸ್‌ಪ್ರೆಸ್ ನ್ಯೂಸ್‌ಪೇಪರ್ಸ್ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1958ರಲ್ಲಿ ಕೋರ್ಟು ಕಾಯ್ದೆಯನ್ನು ಬಹುಮಟ್ಟಿಗೆ ಎತ್ತಿಹಿಡಿದು, ಮೊದಲ ವೇತನ ಮಂಡಳಿಯ ತೀರ್ಮಾನವನ್ನು ರದ್ದು ಮಾಡಿತು. ಅರ್ಧ ಶತಮಾನದ ನಂತರ ಮಜೀಥಿಯಾ ವೇತನ ಮಂಡಳಿಯ ಶಿಫಾರಸುಗಳನ್ನು 2011ರ ನವೆಂಬರ್ 11ರಂದು ಸರ್ಕಾರ ಅಧಿಸೂಚಿಸಿದಾಗಲೂ ಅದೇ ಕಥೆ. ದೊಡ್ಡ ಪತ್ರಿಕೆಗಳ ಆಡಳಿತ ವರ್ಗದವರು ಕೋರ್ಟಿಗೆ ಹೋದರು, 2014ರ ಫೆಬ್ರವರಿ 7ರಂದು ಸೋತರು. ಆ ಮೇಲೂ ಅನೇಕ ಕಡೆ ಕೊಡಲಿಲ್ಲ. ‘ಈಗಿರುವ ಸಂಬಳದಲ್ಲೇ ನಾನು ತೃಪ್ತ’ ಎಂಬ ಒಕ್ಕಣೆಗೆ ನೌಕರರಿಂದ ಸಹಿ ಹಾಕಿಸಿಕೊಂಡರು. ನಿಂದನೆ ಅರ್ಜಿಗಳು ಬಂದಾಗ 2017ರ ಜೂನ್ 19ರಂದು ಕೋರ್ಟು ಹೇಳಿದ್ದು: ಗುತ್ತಿಗೆಯವರಿಗೂ ಶಿಫಾರಸು ಅನ್ವಯಿಸುತ್ತದೆ, ಸಹಿ ಹಾಕಿಸಿಕೊಂಡು ಕಡಿಮೆ ಕೊಡುವಂತಿಲ್ಲ, ಆದರೆ ಇದು ಉದ್ದೇಶಪೂರ್ವಕ ನಿಂದನೆಯಲ್ಲ, ಬಾಕಿ ಬರಬೇಕಾದವರು ಕಾಯ್ದೆಯಲ್ಲಿರುವ ವಸೂಲಿ ವ್ಯವಸ್ಥೆಗೆ ಅರ್ಜಿ ಹಾಕಲಿ.

ಅರ್ಜಿ ಹಾಕಲಿ! ಹುನಗುಂದದ ಒಬ್ಬ ಸುದ್ದಿಗಾರ, ತನ್ನ ಕಾರ್ಡ್ ಕಿತ್ತುಕೊಂಡರೆ ನಾಳೆ ಊರಿನಲ್ಲಿ ಯಾರೂ ಕೇಳದ ಮನುಷ್ಯ, ಒಬ್ಬನೇ ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಿ ರಾಜ್ಯಮಟ್ಟದ ಪತ್ರಿಕೆಯ ಮೇಲೆ ಅರ್ಜಿ ಹಾಕಬೇಕಂತೆ. ಸಂಘ ಎಂಬುದು ಹುಟ್ಟಿದ್ದೇ ಈ ಒಂದು ಗಳಿಗೆಗಾಗಿ. ಒಬ್ಬ ಹತ್ತಲಾಗದ ಮೆಟ್ಟಿಲನ್ನು ನೂರು ಜನ ಒಟ್ಟಿಗೆ ಹತ್ತಲಿಕ್ಕೆ. ಆ ಹೊತ್ತಿನಲ್ಲಿ ನಮ್ಮ ತಾಲ್ಲೂಕು ಸಂಘಗಳ ಪದಾಧಿಕಾರಿಗಳು ಏನು ಮಾಡುತ್ತಿದ್ದರು ಎಂದು ಆ ವರ್ಷಗಳ ಆಮಂತ್ರಣ ಪತ್ರಿಕೆಗಳನ್ನು ತೆಗೆದು ನೋಡಿದೆ. ಕ್ರಿಕೆಟ್ ಪಂದ್ಯಾವಳಿ ಇತ್ತು.

ಮಾಲೀಕರಿಗೂ ಸಂಘವಿದೆ, ಮರೆಯಬೇಡಿ. ಇಂಡಿಯನ್ ನ್ಯೂಸ್‌ಪೇಪರ್ ಸೊಸೈಟಿ 1939ರಷ್ಟು ಹಳೆಯದು. ಅದು ಯಾರಿಗೆ ಶಾಲು ಹೊದಿಸಿದ ಸುದ್ದಿಯೂ ನಾವು ಓದುವುದಿಲ್ಲ. ನ್ಯೂಸ್‌ಪ್ರಿಂಟ್ ಮೇಲಿನ ಸುಂಕ, ಸರ್ಕಾರಿ ಜಾಹೀರಾತಿನ ದರ, ವೇತನ ಮಂಡಳಿಗೆ ವಿರೋಧ: ಅದರ ಮಾತೆಲ್ಲ ನೇರ ಕಾಸಿನ ಮಾತು. ಸಂಘ ಯಾತಕ್ಕಾಗಿ ಇರುತ್ತದೆ ಎಂಬುದು ಮಾಲೀಕರಿಗೆ ಚೆನ್ನಾಗಿ ಗೊತ್ತು. ಮರೆತಿರುವುದು ದುಡಿಯುವವರಿಗೆ.

ಐಟಿಯಲ್ಲೂ ಇದೇ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಿಂದ ಇದೆ. ನನ್ನ ಜತೆ ಪಿಯುಸಿ ಓದಿದವರಲ್ಲಿ ಸುಮಾರು ಜನ ಇಂಥ ಕಾಲೇಜುಗಳಿಂದ ಬೆಂಗಳೂರಿನ ಕಂಪನಿಗಳಿಗೆ ಹೋದರು. ಅವರೊಡನೆ ಯೂನಿಯನ್ ಎಂಬ ಪದ ಎತ್ತಿದರೆ “ಏ, ಅದು ಫ್ಯಾಕ್ಟರಿಯವರಿಗೆ. ನಾವು ಪ್ರೊಫೆಷನಲ್ಸ್” ಎನ್ನುತ್ತಾರೆ. ಮಾಲೀಕರ ಕಡೆಯ ನಾಸ್ಕಾಂ 1988ರಲ್ಲೇ ಹುಟ್ಟಿದೆ, ಅದಕ್ಕೆ ಇಂಥ ಮುಜುಗರವಿಲ್ಲ. 2024ರ ಜುಲೈ ತಿಂಗಳನ್ನೇ ತೆಗೆದುಕೊಳ್ಳಿ. ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ನಾಸ್ಕಾಂ ಕಳವಳದ ಹೇಳಿಕೆ ಹೊರಡಿಸಿತು, ಉದ್ಯಮಿಗಳು ದನಿಗೂಡಿಸಿದರು, ಮಸೂದೆ ಎರಡೇ ದಿನದಲ್ಲಿ ತಡೆಹಿಡಿಯಲ್ಪಟ್ಟಿತು. ಆ ಮಸೂದೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆ ಚರ್ಚೆ. ಒಂದು ಹೇಳಿಕೆಗೆ ಎಷ್ಟು ತೂಕ ಇರಬಹುದು ಎಂಬುದಕ್ಕೆ ಹೇಳಿದೆ. ಅದೇ ತಿಂಗಳು ದುಡಿಮೆಯ ದಿನವನ್ನು 14 ಗಂಟೆವರೆಗೆ ಹಿಗ್ಗಿಸುವ ಪ್ರಸ್ತಾಪ ಬಂದಾಗ ಅದರ ವಿರುದ್ಧ ಬೀದಿಗಿಳಿದದ್ದು ಐಟಿ ನೌಕರರ ಯೂನಿಯನ್ ಆದ ಕೆಐಟಿಯು. 2017ರಲ್ಲಿ ಹುಟ್ಟಿದ ಚಿಕ್ಕ ಯೂನಿಯನ್ನು. 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ರಾಜ್ಯ ಕೊಡುತ್ತ ಬಂದಿದ್ದ ವಿನಾಯಿತಿಯನ್ನು 2024ರ ಜೂನ್‌ನಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿದಾಗ ವಿರೋಧಿಸಿದ್ದೂ ಅದೇ. ಕೆಲಸದಿಂದ ತೆಗೆಯುವುದಕ್ಕೆ ಏನು ಕ್ರಮ, ರಜೆಗೆ ಏನು ನಿಯಮ ಎಂದು ಬರೆದಿಡಲೇಬೇಕಾದ ಕಟ್ಟುಪಾಡಿನಿಂದಲೇ ವಿನಾಯಿತಿ ಎಂದರೆ ನನ್ನ ಪ್ರೊಫೆಷನಲ್ ಗೆಳೆಯರಿಗೆ ಅರ್ಥವಾಗಬೇಕಿತ್ತು. ಅರ್ಥವಾಗುವುದು ‘ರಾಜೀನಾಮೆ ಕೊಡಿ’ ಎಂದು ಎಚ್‌ಆರ್ ಕರೆದ ದಿನ.

ಓದು ಕಡಿಮೆ ಇರುವವರೇ ಈ ವಿಷಯದಲ್ಲಿ ಮುಂದಿದ್ದಾರೆ ಎಂಬುದು ನನಗೆ ಖುಷಿಯ ಸಂಗತಿ. ಆ್ಯಪ್ ನಂಬಿ ಊಟ, ಸಾಮಾನು, ಜನರನ್ನು ಹೊತ್ತು ತಿರುಗುವವರು ಯೂನಿಯನ್ ಕಟ್ಟಿ ವರ್ಷಗಟ್ಟಲೆ ಕೇಳಿದ್ದರ ಫಲ 2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಶೇ 1ರಿಂದ 5ರಷ್ಟನ್ನು ಕಂಪನಿಯೇ ಕಲ್ಯಾಣ ಶುಲ್ಕವಾಗಿ ಕಟ್ಟಬೇಕು. ಕೊಡಬೇಕಾದವನನ್ನು ಗುರುತಿಸಿ ಅವನಿಂದಲೇ ಕೇಳಿದರು, ನೋಡಿ. ನವನಗರದ ಸೆಕ್ಟರುಗಳಲ್ಲಿ ಬಿರಿಯಾನಿ ಡಬ್ಬಿ ಹೊತ್ತು ಮನೆ ನಂಬರ್ ಹುಡುಕುವ ಹುಡುಗನಿಗೆ ಆ ಮಟ್ಟಿಗೆ ಒಂದು ಕಾನೂನಿದೆ. ಅವನ ಮೇಲೆ ಮಾನವೀಯ ವರದಿ ಬರೆಯುವ ಪತ್ರಕರ್ತನಿಗೆ ಗೌರವಧನವಿದೆ.

ಇಲ್ಲಿ ಯಾರಾದರೂ ಐಹೊಳೆಯ ಐನೂರ್ವರನ್ನು ನೆನಪಿಸುತ್ತಾರೆ, ನನಗೆ ಗೊತ್ತು. ಹುನಗುಂದದಲ್ಲಿ ಸಂಘದ ಬಗ್ಗೆ ಮಾತಾಡಿ ಐಹೊಳೆ ಬಿಟ್ಟರೆ ಭಾಷಣ ಪೂರ್ತಿಯಾಗುವುದಿಲ್ಲ. ಲಾಡ್‌ಖಾನ್ ಗುಡಿಯ ಸುಮಾರು 8ನೇ ಶತಮಾನದ ಶಾಸನದಿಂದ ಹಿಡಿದು, ಶ್ರೀಲಂಕಾದವರೆಗೆ, 1088ರ ಸುಮಾತ್ರಾದ ತಮಿಳು ಶಾಸನದವರೆಗೆ ಐನೂರ್ವರ ಹೆಸರು ಹಬ್ಬಿದೆ. ಹೆಮ್ಮೆಪಡೋಣ. ಆದರೆ ಅದು ವರ್ತಕರ ಸಂಘ, ಇಂದಿನ ಲೆಕ್ಕದಲ್ಲಿ ನಾಸ್ಕಾಂ ಕಡೆಯದು. ಅದರ ಸರಕು ಹೊತ್ತ ಎತ್ತುಗಳ ಹಿಂದೆ ನಡೆದವರ ಪ್ರಶಸ್ತಿಯನ್ನು ಯಾರೂ ಕಲ್ಲಿಗೆ ಕೊರೆಸಲಿಲ್ಲ.

ನನಗೆ ಹೆಚ್ಚು ಹತ್ತಿರವಾದ ಶಾಸನ ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿನದು. ವಿರೂಪಾಕ್ಷ ಗುಡಿ ಕಟ್ಟಿದ ಸೂತ್ರಧಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಿಕ್ಕಿದ್ದು ಎಲ್ಲ ಗೈಡುಗಳೂ ಹೇಳುವ ವಿಷಯ. ಅದೇ ಬರಹದಲ್ಲಿ, ಫ್ಲೀಟರು ಓದಿದಂತೆ, ಬಹಿಷ್ಕಾರಕ್ಕೆ ಒಳಗಾಗಿದ್ದ ಈ ಸೀಮೆಯ ಕುಶಲಿಗಳನ್ನು ಮತ್ತೆ ಒಳಕ್ಕೆ ಸೇರಿಸಿಕೊಂಡ ಸಂಗತಿಯೂ ಇದೆ. ಬಿರುದಿನ ಮಾತು ಎಲ್ಲರ ಬಾಯಲ್ಲಿ ಉಳಿಯಿತು, ಹೊರಗಿದ್ದವರನ್ನು ಒಳತಂದ ಮಾತು ಸಂಶೋಧಕರ ಅಡಿಟಿಪ್ಪಣಿಗೆ ಹೋಯಿತು. ಸಂಘಗಳಿಗೂ ಇದೇ ಆಗಿದೆ.

ಯಾಕೆಂದರೆ ಈಗ ನಮ್ಮ ಸಂಘಗಳಲ್ಲಿ ಅತಿ ಹುರುಪಿನ ಚಟುವಟಿಕೆ ಎಂದರೆ ಹೊರಗಿಡುವುದು. ‘ನಕಲಿ ಪತ್ರಕರ್ತರ ಹಾವಳಿ’ ಎಂಬುದು ಪ್ರತಿ ಸಭೆಯ ನಿರ್ಣಯ. ಮೈಕ್ ಹಿಡಿದು ಯೂಟ್ಯೂಬ್ ಚಾನೆಲ್ ಶುರುಮಾಡಿದ ಹುಡುಗರು, ವಾಟ್ಸಾಪ್ ಗ್ರೂಪಿನಲ್ಲಿ ಪಿಡಿಎಫ್ ಪತ್ರಿಕೆ ನಡೆಸುವವರು, ‘ಪ್ರೆಸ್’ ಎಂದು ಬೈಕಿಗೆ ಅಂಟಿಸಿಕೊಂಡವರು ಎಲ್ಲರೂ ನಕಲಿ. ಅವರಲ್ಲಿ ವಸೂಲಿಗಾರರು ಇಲ್ಲ ಎಂದು ನಾನು ಹೇಳುತ್ತಿಲ್ಲ. ಗ್ರಾಮ ಪಂಚಾಯ್ತಿಯ ಪಿಡಿಒಗಳನ್ನು, ಅಂಗನವಾಡಿ ಕಾರ್ಯಕರ್ತೆಯರನ್ನು ಹೆದರಿಸಿ ಐನೂರು ಸಾವಿರ ಕೀಳುವವರನ್ನು ನಾನೂ ಕಂಡಿದ್ದೇನೆ; ಅಂಥವರಿಗೆ ಪೊಲೀಸ್ ಠಾಣೆಯೇ ಸರಿ. ನನ್ನ ಪ್ರಶ್ನೆ ಬೇರೆ. ಕಾರ್ಡ್ ಕೊಟ್ಟು ಸಂಬಳ ಕೊಡದ ಪತ್ರಿಕೆಯ ವರದಿಗಾರ ಅಸಲಿ, ತನ್ನ ಕಾರ್ಡ್ ತಾನೇ ಪ್ರಿಂಟ್ ಹಾಕಿಸಿಕೊಂಡವನು ನಕಲಿ ಎನ್ನುವುದಾದರೆ ವ್ಯತ್ಯಾಸ ಇರುವುದು ಲ್ಯಾಮಿನೇಶನ್ನಿನಲ್ಲಿ ಮಾತ್ರವೇ? ಇಬ್ಬರೂ ಬದುಕಬೇಕಾಗಿರುವುದು ಊರಿನ ಜೇಬಿನಿಂದಲೇ. ವಸೂಲಿಯನ್ನು ನಿಲ್ಲಿಸುವ ಮನಸ್ಸು ನಿಜವಾಗಿ ಇದ್ದರೆ ಸಂಬಳವಿಲ್ಲದ ಕಾರ್ಡನ್ನೇ ಮೊದಲು ನಿಲ್ಲಿಸಬೇಕಾಗುತ್ತದೆ. ಹಾಗೆಂದು ಯಾವ ಸಂಘವೂ ನಿರ್ಣಯ ಮಾಡುವುದಿಲ್ಲ, ಯಾಕೆಂದರೆ ಆಗ ದೊಡ್ಡ ಪತ್ರಿಕೆಗಳ ಹೆಸರು ಹೇಳಬೇಕಾಗುತ್ತದೆ.

ಹೊರಗಿರುವವರು ಇನ್ನೂ ಇದ್ದಾರೆ. ನಸುಕಿನಲ್ಲಿ ಸೈಕಲ್ ತುಳಿದು ಪೇಪರ್ ಹಾಕುವ ಹುಡುಗರು, ಡಿಟಿಪಿ ಮಾಡುವವರು, ಮದುವೆ ಸೀಸನ್ನಿನಲ್ಲಿ ಫೋಟೋಗ್ರಾಫರ್ ಆಗಿ ಉಳಿದ ಕಾಲ ಚಾನೆಲ್ಲಿಗೆ ಕ್ಯಾಮೆರಾ ಹೊರುವವರು. ಹೆಂಗಸರ ಮಾತು ಎತ್ತಿದರೆ ಸಭೆಯಲ್ಲಿ ನಗು. ನಾನು ಹೋದ ತಾಲ್ಲೂಕು ಸಭೆಗಳಲ್ಲಿ ವೇದಿಕೆಯ ಮೇಲೆ ಹೆಂಗಸರು ಇರುತ್ತಿದ್ದದ್ದು ಪ್ರಾರ್ಥನೆ ಹಾಡಲು, ಆರತಿ ತಟ್ಟೆ ಹಿಡಿಯಲು. ಒಂದು ಊರಿನಲ್ಲಿ ನನ್ನನ್ನೂ “ಬರ್ರಿ ಮೇಡಂ, ಹಾರ ನೀವ ಕೊಡ್ರಿ” ಎಂದು ಕರೆದರು. ಪತ್ರಿಕೋದ್ಯಮ ಓದಿದ ಈ ಜಿಲ್ಲೆಯ ಹೆಣ್ಣುಮಕ್ಕಳು ಎಲ್ಲಿ ಹೋಗುತ್ತಾರೆ? ಬಿ.ಇಡಿ ಮಾಡುತ್ತಾರೆ. ಗೌರವಧನದ ಮೇಲೆ ಮಗಳನ್ನು ರಾತ್ರಿ ಅಪಘಾತದ ಸುದ್ದಿಗೆ ಯಾವ ಅಪ್ಪ ಕಳಿಸುತ್ತಾನೆ?

ಇದನ್ನೆಲ್ಲ ಹೇಳಿದಾಗ ನನಗೆ ಸಿಗುವ ಉತ್ತರ ಮೂರು ಬಗೆಯದು. ‘ನೀವು ಯೂನಿವರ್ಸಿಟಿಯವರು, ನಿಮಗೆ ಫೆಲೋಶಿಪ್ ಬರ್ತದ’ ಎಂಬುದು ಒಂದು. ಬರುತ್ತದೆ, ತಡವಾಗಿ ಬರುತ್ತದೆ, ಅದನ್ನು ಕೇಳಲಿಕ್ಕೂ ಸಂಶೋಧನಾ ವಿದ್ಯಾರ್ಥಿಗಳೆಲ್ಲ ಒಟ್ಟಾಗಿ ಧರಣಿ ಕೂರಬೇಕಾಗುತ್ತದೆ. ಇನ್ನೊಂದು, ‘ಪತ್ರಿಕೋದ್ಯಮ ಸೇವೆ, ವ್ಯಾಪಾರ ಅಲ್ಲ.’ ಇದು ಮಾಲೀಕರು ಹೇಳಿದರೆ ಅರ್ಥಮಾಡಿಕೊಳ್ಳುತ್ತೇನೆ. ದುಡಿಯುವವರು ಹೇಳಿದಾಗ ಸಂಕಟವಾಗುತ್ತದೆ. ಸೇವೆ ಎಂಬ ಮಾತು ಸ್ವಾತಂತ್ರ್ಯದ ಕಾಲದಲ್ಲಿ ಪತ್ರಿಕೆ ನಡೆಸಿ ಮನೆಮಾರು ಕಳೆದುಕೊಂಡವರಿಗೆ ಒಪ್ಪುತ್ತದೆ. ಅವರ ಸೇವೆ ಅವರ ಸ್ವಂತದ್ದು. ಈಗ ಒಬ್ಬನ ಸೇವೆಯಿಂದ ಇನ್ನೊಬ್ಬನ ಬ್ಯಾಲೆನ್ಸ್ ಶೀಟ್ ತುಂಬುತ್ತಿದೆ.

ಮೂರನೆಯದೇ ಗಟ್ಟಿ ಉತ್ತರ, ಅದನ್ನು ತಳ್ಳಿಹಾಕಲಾಗುವುದಿಲ್ಲ: ‘ಪತ್ರಿಕೆಗಳೇ ಮುಳುಗ್ತಾ ಇದಾವ, ಮಾಲೀಕರ ಹತ್ರ ಎಲ್ಲೈತಿ?’ ಜಾಹೀರಾತು ಮೊಬೈಲಿಗೆ ಹೋಗಿರುವುದು ನಿಜ. ಕೊರೋನಾದ ನಂತರ ಪುಟ ಕಡಿಮೆಯಾದವು, ಆವೃತ್ತಿಗಳು ಮುಚ್ಚಿದವು. ನಾನೇ ಹೇಳುತ್ತೇನೆ, ಸಣ್ಣ ಜಿಲ್ಲಾ ಪತ್ರಿಕೆ ನಡೆಸುವ ಎಷ್ಟೋ ಸಂಪಾದಕರು ತಮ್ಮ ವರದಿಗಾರರಿಗಿಂತ ಹೆಚ್ಚು ಸಾಲದಲ್ಲಿದ್ದಾರೆ. ಅವರನ್ನು ರಾಜ್ಯವ್ಯಾಪಿ ಸಂಸ್ಥೆಗಳ ಜತೆ ಒಂದೇ ಹಗ್ಗಕ್ಕೆ ಕಟ್ಟುವುದು ಅನ್ಯಾಯ. ಆದರೆ ಮುಳುಗುತ್ತಿರುವ ಹಡಗಿನಲ್ಲಿ ಮೊದಲು ನೀರಿಗೆ ಬೀಳಬೇಕಾದವರು ಯಾರು ಎಂಬುದನ್ನು ಹುಟ್ಟು ಹಾಕುವವರನ್ನೂ ಕೂರಿಸಿಕೊಂಡು ತೀರ್ಮಾನಿಸಬೇಕು. ಹಾಗೆ ಕೂರಲಿಕ್ಕಾದರೂ ಸಂಘ ಬೇಕು. ಮತ್ತು ಲೆಕ್ಕದ ಪುಸ್ತಕ ಮೇಜಿನ ಮೇಲೆ ಬರಬೇಕು.

ಸರ್ಕಾರದಿಂದ ಪಡೆದದ್ದನ್ನು ನಾನು ಹಗುರ ಮಾಡುತ್ತಿಲ್ಲ. 2021ರಲ್ಲಿ ಪತ್ರಕರ್ತರನ್ನು ಕೊರೋನಾ ಮುಂಚೂಣಿ ಕಾರ್ಯಕರ್ತರೆಂದು ಘೋಷಿಸಿದ್ದರಿಂದ ಎಷ್ಟೋ ಜನಕ್ಕೆ ಬೇಗ ಲಸಿಕೆ ಸಿಕ್ಕಿತು. ಗ್ರಾಮೀಣ ಪತ್ರಕರ್ತರ ಬ‌ಸ್ ಪಾಸ್ ಸಂಘ ಹೋರಾಡಿ ಪಡೆದದ್ದೇ. ಆದರೆ ಆ ಪಾಸಿಗೆ ಅರ್ಜಿ ಹಾಕಲು ಹೋದವರಿಗೆ ಎದುರಾದ ಗೋಡೆ ಯಾವುದು? ನೀವು ಪತ್ರಿಕೆಯಲ್ಲಿ ಕೆಲಸ ಮಾಡುತ್ತಿರುವುದಕ್ಕೆ ದಾಖಲೆ ಎಲ್ಲಿ ಎಂಬ ಪ್ರಶ್ನೆ. ಸರ್ಕಾರದ ಬಾಗಿಲಿಗೆ ಹೋದರೂ ಮಾಲೀಕ ಕೊಡದ ಕಾಗದವೇ ಅಡ್ಡ ಬರುತ್ತದೆ.

ಇನ್ನು ಮುಂದಂತೂ ಉದಾಸೀನಕ್ಕೆ ಎಡೆಯೇ ಇಲ್ಲ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1955ರ ಕಾಯ್ದೆ ಅವುಗಳಲ್ಲಿ ಕರಗಿಹೋಯಿತು. ವೇತನ ಮಂಡಳಿ ಎಂಬ ವ್ಯವಸ್ಥೆಗೆ ಅಲ್ಲಿ ಜಾಗವಿಲ್ಲ, ಮಜೀಥಿಯಾ ಕೊನೆಯದು. ಅರವತ್ತು ಚಿಲ್ಲರೆ ವರ್ಷ ಹಿರಿಯರು ಕೋರ್ಟು ಕಚೇರಿ ಅಲೆದು ಉಳಿಸಿಕೊಂಡದ್ದು ಹೋದ ದಿನ ನಮ್ಮ ಜಿಲ್ಲೆಯ ಸಂಘಗಳ ವಾಟ್ಸಾಪ್ ಗ್ರೂಪುಗಳಲ್ಲಿ ಎಂದಿನಂತೆ ಹುಟ್ಟುಹಬ್ಬದ ಶುಭಾಶಯಗಳಿದ್ದವು. ಆದರೆ ಅದೇ ಸಂಹಿತೆಯಲ್ಲಿ ಎರಡು ಸಂಗತಿ ನಮ್ಮ ಕಡೆಗಿವೆ. ಕಾರ್ಯನಿರತ ಪತ್ರಕರ್ತ ಎಂಬ ವ್ಯಾಖ್ಯೆಗೆ ಈಗ ವಿದ್ಯುನ್ಮಾನ ಮತ್ತು ಡಿಜಿಟಲ್ ಮಾಧ್ಯಮದವರೂ ಸೇರಿದ್ದಾರೆ. ಅಂದರೆ ನೀವು ನಕಲಿ ಎನ್ನುತ್ತಿರುವವರಲ್ಲಿ ಕೆಲವರು ಕಾನೂನಿನ ಕಣ್ಣಿಗೆ ನಿಮ್ಮ ಜತೆಗಾರರು. ಮತ್ತೆ, ಪ್ರತಿ ನೌಕರನಿಗೂ ನೇಮಕಾತಿ ಪತ್ರ ಕೊಡಲೇಬೇಕು ಎಂದು ಬರೆದಿದೆ.

ಆ ಪತ್ರವನ್ನೇ ಮೊದಲ ಬೇಡಿಕೆ ಮಾಡಿ ಎಂದು ನಾನು ಹೇಳುತ್ತಿರುವುದು. ವೇತನ ಆಮೇಲೆ. ಸಂಘ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಿದ ಸಂಘ ಭವನ ಕಟ್ಟಬಹುದು, ಶಾಲು ಹೊದಿಸಬಹುದು. ಚೌಕಾಶಿಗೆ ಕೂರುವ, ಕಾರ್ಮಿಕ ವಿವಾದ ಎತ್ತುವ ಅಧಿಕಾರಕ್ಕೆ ಕಾರ್ಮಿಕ ಸಂಘವೆಂದೇ ನೋಂದಣಿ ಬೇಕು. 1926ರ ಕಾಯ್ದೆಯಲ್ಲಿದ್ದಂತೆ ಹೊಸ ಸಂಹಿತೆಯಲ್ಲೂ ಅರ್ಜಿಗೆ ಕನಿಷ್ಠ ಏಳು ಸಹಿ ಸಾಕು. ಅದರ ಬೆನ್ನಿಗೆ ಆ ಉದ್ಯಮದಲ್ಲಿ ದುಡಿಯುವವರ ಶೇ 10ರಷ್ಟು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು, ಇರಬೇಕು. ನಾಲ್ಕು ಊರಿನ ಸುದ್ದಿಗಾರರು, ಕ್ಯಾಮೆರಾದವರು, ಡಿಟಿಪಿಯವರು ಸೇರಿದರೆ ಆಗದ ಮಾತಲ್ಲ.

ಹೋದ ತಿಂಗಳು ಇಳಕಲ್ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಕಾಕಾ ಅವರ ಮುಂದೆ ಈ ಲೆಕ್ಕ ಇಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ಜೇಬಿನಿಂದ ಪೆನ್ನು ತೆಗೆದು ನನ್ನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಹೆಸರು ಬರೆಯತೊಡಗಿದರು. ಹುನಗುಂದದವರು ಇಬ್ಬರು. ಬಾದಾಮಿಯ ಒಬ್ಬ ಕ್ಯಾಮೆರಾ ಹುಡುಗ. ಬಾಗಲಕೋಟೆಯಲ್ಲಿ ಒಬ್ಬರು, ಅವರ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ. ಆಮೇಲೆ ತಮ್ಮ ಹೆಸರು. “ಐದು ಆತು ನೋಡು” ಎಂದರು. ಅಷ್ಟರಲ್ಲಿ ಪುರವಣಿಯ ಟಾರ್ಗೆಟ್ ಏನಾಯಿತು ಎಂದು ಫೋನು ಬಂತು. “ಹೂಂ ಸರ, ಆಗ್ತೇತಿ ಸರ” ಎನ್ನುತ್ತ ಎದ್ದು ಹೊರಗೆ ಹೋದರು. ಹಾಳೆ ನನ್ನ ಹತ್ತಿರ ಇದೆ. ಇನ್ನೆರಡು ಹೆಸರು ಬೇಕು.